ಅಟಾಮಿಯಲ್ಲಿ ರೂಮು ಬುಕ್ ಮಾಡುವ ಮುಂಚೆ

ಟೋಕಿಯೋ ಕಡೆ ಇರುವವರು, ಬರುವವರು ಸಮುದ್ರ ನೋಡೋಕೆ, ಬಿಸಿನೀರ ಬುಗ್ಗೆಯ ಸ್ನಾನಕ್ಕೆ ಜಪಾನಿನ ಕರಾವಳಿ ಊರು ಅಟಾಮಿಗೆ ಹೋಗುವುದು ಜಾಸ್ತಿ. ಟೋಕಿಯೋದಿಂದ ಶಿಂಕಾನ್‌ಸೆನ್ (ಬುಲೆಟ್ ರೈಲು) ಕೊಡಾಮದಲ್ಲಿ ಒಂದು ಗಂಟೆಯೂ ಬೇಡ.

ರೂಮು ಹುಡುಕುವಾಗ ಮ್ಯಾಪಿನಲ್ಲಿ ಬರೀ ದೂರ ನೋಡಬೇಡಿ, ಏರು ನೋಡಿ. ಊರು ನಿಂತಿರುವುದೇ ಗುಡ್ಡದ ಇಳಿಜಾರಿನಲ್ಲಿ. ಸ್ಟೇಷನ್ ಮೇಲೆ, ಬೀಚು ಕೆಳಗೆ. ಇಳಿಯುವಾಗ ಹದಿನೈದು ನಿಮಿಷದ ಆರಾಮದ ನಡಿಗೆ. ವಾಪಸ್ ಸೂಟ್‌ಕೇಸ್ ಎಳೆದುಕೊಂಡು ಹತ್ತಿ ನೋಡಿ, ಏದುಸಿರು ಬರುತ್ತದೆ! ಅಪ್ಪ ಅಮ್ಮ ಜೊತೆಗಿದ್ದರೆ ಸ್ಟೇಷನ್ ಹತ್ತಿರವೇ ಇರಿ, ಇಲ್ಲವೇ ಹೋಟೆಲಿನವರ ವ್ಯಾನು ಬರುತ್ತದಾ ಅಂತ ಕೇಳಿ.

ಇನ್ನು ಊಟ. ರ್‍ಯೋಕಾನ್‌ ಅನ್ನುವ ಜಪಾನಿ ಶೈಲಿಯ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ರೇಟು, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಸಿ. ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಕಷ್ಟ: ಬರೀ ತರಕಾರಿ ಕಾಣುವ ಬಟ್ಟಲಿನಲ್ಲೂ, ಮಿಸೋ ಸೂಪಿನಲ್ಲೂ ಒಣಮೀನಿನ ಸಾರು ಇರುತ್ತದೆ. 'ಮೀನು ಬೇಡ' ಅಂದರೆ ತುಂಡು ತೆಗೆಯುತ್ತಾರೆ, ಸಾರು ಉಳಿಯುತ್ತದೆ. ಅಂಥವರು ಊಟವಿಲ್ಲದ 'ಸುದೊಮಾರಿ' ಪ್ಲಾನ್ ತಗೊಳ್ಳಿ, ದುಡ್ಡೂ ಉಳಿಯುತ್ತದೆ. ಸ್ಟೇಷನ್ ಎದುರಿನ ಅಂಗಡಿ ಬೀದಿ ಸಂಜೆಯೇ ಬಾಗಿಲು ಹಾಕುತ್ತದೆ, ರಾತ್ರಿಗೆ ಬೇಕಾದ್ದು ಮೊದಲೇ ತಂದಿಟ್ಟುಕೊಳ್ಳಿ.

ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಇಳಿಯುವ ಬಿಸಿನೀರಿನ ತೊಟ್ಟಿ ಸಾಮಾನ್ಯವಾಗಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಆದರೆ ಮೈಮೇಲೆ ಬಟ್ಟೆ ಇರಬಾರದು. ಸಂಕೋಚ ಅಲ್ವಾ? ಗಂಟೆ ಲೆಕ್ಕದಲ್ಲಿ ಕುಟುಂಬಕ್ಕಷ್ಟೇ ಕೊಡುವ ತೊಟ್ಟಿ ಇದೆಯಾ ನೋಡಿ. ಹಚ್ಚೆ ಇದ್ದವರನ್ನು ಕೆಲವು ಕಡೆ ತೊಟ್ಟಿಗೆ ಬಿಡುವುದಿಲ್ಲ, ಅಂಥವರಂತೂ ಮೊದಲೇ ವಿಚಾರಿಸಿ.

ಕೊನೆಗೊಂದು: ಅಲ್ಲಿ ಸಮುದ್ರದ ಮೇಲೆ ಪಟಾಕಿ ಹಾರಿಸುವುದು ಬೇಸಿಗೆಯಲ್ಲಿ ಮಾತ್ರ ಅಲ್ಲ, ವರ್ಷದಲ್ಲಿ ಹಲವು ಸಲ. ಆ ರಾತ್ರಿಗಳಿಗೆ ರೂಮು ಬೇಗ ಬುಕ್ ಆಗಿಬಿಡುತ್ತದೆ. ಸಿಗದಿದ್ದರೆ ಅರ್ಧ ಗಂಟೆಯೊಳಗೆ ರೈಲಿನಲ್ಲಿ ಸಿಗುವ ಇಟೋ ಊರಿನಲ್ಲಿ ಹುಡುಕಿ.