ಕೆನಾಲ್, ಚಾನಲ್: ಇಂಗ್ಲಿಷ್ ಪದದ ಬೇರು ಹುಡುಕುವ ಬಗೆ

“ಎಡದಂಡೆ ಕೆನಾಲಿಗೆ ನೀರು ಬಿಟ್ಟಾರಂತ, ಚಾನಲ್‌ನಾಗ ಬಂತು.” ಗಂಗಾವತಿ, ಸಿಂಧನೂರು ಕಡೆ ಕೇಳುವ ಈ ಮಾತಿನ ಕೆನಾಲ್ ಮತ್ತು ಚಾನಲ್ ಒಂದೇ ತಾಯಿಯ ಮಕ್ಕಳು. ತಾಯಿ ಲ್ಯಾಟಿನ್ನಿನ ‘ಕನಾಲಿಸ್’, ಅಂದರೆ ಕೊಳವೆ, ತೋಡು. ಅದರ ಬುಡದಲ್ಲಿರುವುದು ಜೊಂಡು ಎಂಬರ್ಥದ ‘ಕನ್ನಾ’.

ಇಂಥ ಜೋಡಿ ಹಿಡಿಯಬೇಕಾದರೆ ಮೊದಲು ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಕಾಗುಣಿತ ಮುಚ್ಚಿಡುವ ಉಚ್ಚಾರಣೆಯನ್ನು ನಮ್ಮ ಲಿಪಿ ಬಿಚ್ಚಿ ತೋರಿಸುತ್ತದೆ. ಲ್ಯಾಟಿನ್ ಪದದ ಮೊದಲಲ್ಲಿ ‘ಅ’ ಸ್ವರ ಹತ್ತಿದ ‘ಕ’ಕಾರ ಪ್ಯಾರಿಸ್ ಸೀಮೆಯ ಹಳೆ ಫ್ರೆಂಚಿನಲ್ಲಿ ‘ಚ’ ಆಯಿತು, ಮುಂದೆ ಅದೇ ‘ಚ’ ಸವೆದು ‘ಶ’ ಆಯಿತು. ಆದ್ದರಿಂದ ‘ಚ’ ಇದ್ದರೆ ಪದ ಬೇಗ ಬಂದದ್ದು, ‘ಶ’ ಇದ್ದರೆ ತಡವಾಗಿ ಬಂದದ್ದು. ತಲೆ ಎಂಬರ್ಥದ ‘ಕಪುಟ್’ ತೆಗೆದುಕೊಳ್ಳಿ: ಕ್ಯಾಪಿಟಲ್ ಲ್ಯಾಟಿನ್ ರೂಪವನ್ನೇ ಉಳಿಸಿಕೊಂಡಿದೆ, ನೀರಾವರಿ ಇಲಾಖೆಯ ಚೀಫ್ ಎಂಜಿನಿಯರ್‌ನ ‘ಚೀಫ್’ ಹಳೆ ಫ್ರೆಂಚಿನದು, ಹೋಟೆಲಿನ ‘ಶೆಫ್’ 19ನೇ ಶತಮಾನದ್ದು. ಮೂರು ಅಕ್ಷರ, ಮೂರು ಕಾಲ.

ಇದು ಸುಳಿವು ಮಾತ್ರ. ‘ಕ’ ಉಳಿದಿದೆ ಎಂದು ನೇರ ಲ್ಯಾಟಿನ್ ಎನ್ನಬೇಡಿ. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರ ಫ್ರೆಂಚಿನಲ್ಲಿ ‘ಕ’ ಬದಲಾಗಿರಲಿಲ್ಲ. ‘ಕ್ಯಾಸಲ್’ ಬಂದದ್ದು ಅವರಿಂದ. ‘ಚ’ ಇದ್ದದ್ದೆಲ್ಲ ಫ್ರೆಂಚೂ ಅಲ್ಲ, ‘ಚೈಲ್ಡ್’ ಇಂಗ್ಲಿಷಿನ ಸ್ವಂತ ಮಾತು.

ಆಮೇಲೆ ನಿಘಂಟು ತೆರೆದು ವ್ಯುತ್ಪತ್ತಿಯ ಸಾಲನ್ನು ಹಿಂದಕ್ಕೆ ಓದಿ: ಇಂಗ್ಲಿಷ್, ಹಳೆ ಫ್ರೆಂಚ್, ಲ್ಯಾಟಿನ್. ನಕ್ಷತ್ರ ಚಿಹ್ನೆ ಇರುವ ರೂಪ ಬರಹದಲ್ಲಿ ಸಿಕ್ಕದ್ದಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು. ಪ್ರತಿ ಮೆಟ್ಟಿಲಿನ ಅರ್ಥವನ್ನೂ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ‘ರಿವರ್’ ಮತ್ತು ‘ರೈವಲ್’ ಒಂದೇ ಎನಿಸಿಬಿಡುತ್ತವೆ. ರಿವರ್ ಹುಟ್ಟಿದ್ದು ದಡ ಎಂಬರ್ಥದ ‘ರೀಪಾ’ದಿಂದ. ರೈವಲ್ ಹುಟ್ಟಿದ್ದು ಹಳ್ಳ ಎಂಬರ್ಥದ ‘ರೀವುಸ್’ನಿಂದ: ಒಂದೇ ಹಳ್ಳದ ನೀರು ಹಂಚಿಕೊಳ್ಳುವವರು ‘ರಿವಾಲಿಸ್’. ಕೆನಾಲಿನ ಮೇಲ್ಭಾಗದವರಿಗೂ ಟೇಲೆಂಡಿನವರಿಗೂ ನೀರಿಗಾಗಿ ನಡೆಯುವ ಜಗಳ ಕಂಡವರಿಗೆ ಈ ಅರ್ಥ ಎರಡು ಸಲ ಹೇಳಬೇಕಿಲ್ಲ.

ನಮ್ಮವರು ಹೆಚ್ಚು ಎಡವುವುದು ‘ಕಾಲುವೆ’ಯಲ್ಲಿ. ಕೆನಾಲ್, ಕಾಲುವೆ, ಎರಡರಲ್ಲೂ ‘ಕ’, ‘ಲ’ ಇವೆ, ಅರ್ಥವೂ ಒಂದೇ. ಸಂಬಂಧ ಮಾತ್ರ ಇಲ್ಲ. ಕಾಲುವೆ ದ್ರಾವಿಡ ಪದ, ತಮಿಳಿನ ‘ಕಾಲ್ವಾಯ್’ ಅದರ ನೆಂಟ. ದನಿ, ಅರ್ಥ ಎರಡೂ ಹೊಂದಿದರೂ ಒಂದು ಭಾಷೆಯಿಂದ ಇನ್ನೊಂದಕ್ಕೆ ಪದ ಸಾಗಿದ ದಾರಿ ಸಿಗದಿದ್ದರೆ ಅವುಗಳನ್ನು ಬೇರೆ ಬೇರೆ ಸಾಲಿನಲ್ಲೇ ಬರೆದಿಡಿ.