ಹೂಬಿಟ್ಟ ಕೊಂಬೆ ಹೂದಾನಿಯಲ್ಲಿ ಬಾಳಬೇಕಾದರೆ

ಹೂದಾನಿ ತುಂಬ ನೀರಿದ್ದರೂ ಕೊಂಬೆ ಬಾಡುತ್ತದೆ, ಯಾಕೆಂದರೆ ಆ ನೀರು ಮೇಲೇರುವುದಿಲ್ಲ. ಕತ್ತರಿಸಿದ ಕೂಡಲೇ ಕಾಂಡದ ನೀರುನಾಳಗಳೊಳಗೆ ಗಾಳಿ ಹೊಕ್ಕು ತಡೆಯಾಗುತ್ತದೆ. ಆಮೇಲೆ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಲೋಳೆ ಅದೇ ನಾಳಗಳ ಬಾಯಿ ಮುಚ್ಚುತ್ತದೆ. ಹಾಗಾಗಿ ಸಕ್ಕರೆ ಎಷ್ಟು ಹಾಕಲಿ ಎಂದು ಯೋಚಿಸುವ ಮೊದಲು ಕೊಂಬೆಯ ಬುಡ ನೋಡಿಕೊಳ್ಳಬೇಕು.

ನಾನು ಕೊಯ್ಯುವುದು ಬಿಸಿಲೇರುವ ಮುಂಚೆ, ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡೇ. ಪೆನ್ಸಿಲ್ ದಪ್ಪದ, ಎರಡು ಅಡಿಯ ಕೊಂಬೆ ಸಾಕು. ಮೂರರಲ್ಲೊಂದು ಪಾಲು ಅರಳಿ, ಉಳಿದ ಮೊಗ್ಗುಗಳಲ್ಲಿ ಬಣ್ಣ ಕಾಣುವಂತಿರಬೇಕು. ನೀರಿಗೆ ಮುಳುಗುವ ಭಾಗದಲ್ಲಿ ಒಂದು ಎಲೆಯೂ ಉಳಿಯಬಾರದು, ಕೊಳೆ ಶುರುವಾಗುವುದೇ ಅಲ್ಲಿಂದ. ಮೇಲಿನ ಎಲೆಯನ್ನೂ ಅರ್ಧ ಕಡಿಮೆ ಮಾಡಿ.

ಮನೆಗೆ ತಂದ ಮೇಲೆ ಬೇಸಿನ್ನಿನಲ್ಲಿ 40 ಡಿಗ್ರಿಯಷ್ಟು ಬೆಚ್ಚಗಿನ ನೀರು ತೆಗೆದುಕೊಂಡು, ಬುಡ ನೀರಿನೊಳಗೆ ಇರುವಾಗಲೇ ಎರಡು ಇಂಚು ಓರೆಯಾಗಿ ಕತ್ತರಿಸುತ್ತೇನೆ. ಗಾಳಿ ಸಿಕ್ಕಿಕೊಂಡ ತುಂಡು ಹೋಗುತ್ತದೆ, ಹೊಸ ಗಾಳಿ ಒಳಹೋಗುವುದಿಲ್ಲ. ಆಮೇಲೆ ಹರಿತವಾದ ಚಾಕುವಿನಿಂದ ಬುಡವನ್ನು ಒಂದು ಇಂಚು ಉದ್ದಕ್ಕೆ ಸೀಳುತ್ತೇನೆ. ಸುತ್ತಿಗೆಯಿಂದ ಜಜ್ಜುವ ಪದ್ಧತಿ ಇನ್ನೂ ಇದೆ, ಅದನ್ನು ಬಿಡಿ. ಜಜ್ಜಿದರೆ ನಾಳಗಳೇ ಹಾಳಾಗುತ್ತವೆ, ನಾರು ನೀರಿನಲ್ಲಿ ಕೊಳೆತು ಲೋಳೆಯಾಗುತ್ತದೆ. ಸೀಳಿದ ಕೊಂಬೆಯನ್ನು ಕುತ್ತಿಗೆಮಟ್ಟ ನೀರಿನಲ್ಲಿ, ಕತ್ತಲೆಯ ತಂಪು ಕೋಣೆಯಲ್ಲಿ ರಾತ್ರಿಯಿಡೀ ನಿಲ್ಲಿಸಿ. ಮಡಿಕೇರಿ ಕಡೆಯ ಚಳಿಗೆ ಹಿಂಬದಿಯ ಜಗಲಿಯೂ ಆದೀತು.

ಹೂದಾನಿಗೆ: ಒಂದು ಲೀಟರ್ ನೀರು, 10 ಗ್ರಾಂ ಸಕ್ಕರೆ (ಎರಡು ಟೀ ಚಮಚ), ಎರಡು ಟೀ ಚಮಚ ಸೋಸಿದ ನಿಂಬೆರಸ, ಬಟ್ಟೆಗೆ ಹಾಕುವ ಸುವಾಸನೆಯಿಲ್ಲದ ಬ್ಲೀಚ್ ದ್ರಾವಣ 1 ಎಂ.ಎಲ್. ಅದನ್ನು ಸಿರಿಂಜಿನಲ್ಲೇ ಅಳೆಯಿರಿ. ನಿಂಬೆರಸ, ಬ್ಲೀಚ್ ಎರಡನ್ನೂ ನೀರಿಲ್ಲದೆ ನೇರ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಒಂದನ್ನು ಪೂರ್ತಿ ನೀರಿಗೆ ಕಲಸಿದ ಮೇಲೆ ಇನ್ನೊಂದು. ಬ್ಲೀಚ್ ಇಲ್ಲವೆಂದರೆ ಸಕ್ಕರೆಯೂ ಬೇಡ, ಬರೀ ಸಕ್ಕರೆ ಬ್ಯಾಕ್ಟೀರಿಯಾವನ್ನು ಸಾಕುತ್ತದೆ ಅಷ್ಟೆ. ಹುಳಿಗೆ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಆಗುವುದಿಲ್ಲವೇ ಎನ್ನಬಹುದು. ಗಾಜಿನ ಪಾತ್ರೆಯ ನೀರೆಲ್ಲ ಕಪ್ಪಾಗುತ್ತದೆ, ಅದು ಪಂದಿಕರಿಗೇ ಇರಲಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಪಾತ್ರೆ ಉಜ್ಜಿ ತೊಳೆದು, ಬುಡ ಅರ್ಧ ಇಂಚು ಕತ್ತರಿಸಿ.

ಹಣ್ಣಾಗಲು ಬಾಳೆಗೊನೆ ತೂಗುಹಾಕಿದ ಕೋಣೆಯಲ್ಲಿ ಹೂದಾನಿ ಇಡಬಾರದು, ಸೌದೆ ಒಲೆಯ ಹೊಗೆ ಬರುವಲ್ಲಿಯೂ ಬೇಡ. ಎರಡರಲ್ಲೂ ಎಥಿಲೀನ್ ಇರುತ್ತದೆ, ಕಾಯಿ ಹಣ್ಣಾಗಿಸುವ, ಹೂ ಉದುರಿಸುವ ಅನಿಲ ಅದು. ಕಾಗದದ ಹೂವಿನ ಕೊಂಬೆ ಅದಕ್ಕೆ ಬಹಳ ಬೇಗ ಉದುರುತ್ತದೆ.

ಕಾಫಿ ಹೂವಿನ ವಿಷಯವೇ ಬೇರೆ. ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಕಿ ಸುಮಾರು 8–10 ದಿನಕ್ಕೆ ರೊಬಸ್ಟ ಜಾತಿಯ ಕಾಫಿ ಒಟ್ಟಿಗೇ ಅರಳುತ್ತದೆ; ಗಿಡದಲ್ಲೇ ಅದರ ಆಯುಸ್ಸು ಎರಡು ಮೂರು ದಿನ, ಹೂದಾನಿಯಲ್ಲಿ ಅದಕ್ಕಿಂತ ಹೆಚ್ಚು ಕೇಳಬಾರದು. ಮೊಗ್ಗು ಬೆಳ್ಳಗೆ ಉದ್ದವಾಗಿ, ಇನ್ನೂ ಬಿರಿಯದೆ ಇರುವ ದಿನ ಕೊಯ್ದರೆ ಅಷ್ಟೂ ದಿನ ಮನೆಯೊಳಗೇ ಸಿಗುತ್ತದೆ. ಗಿಡಗಸಿಯಲ್ಲಿ (ಕಾಫಿ ಗಿಡ ಸವರುವಾಗ) ಹೇಗೂ ಹೋಗುವ, ನೆಲಕ್ಕೆ ತಾಗುವ ಕೊಂಬೆಯನ್ನೇ ಆರಿಸಿ. ಫಸಲಿನ ಕೊಂಬೆಗೆ ಕತ್ತರಿ ಹಾಕಿದರೆ ಮನೆಯವರು ಸುಮ್ಮನಿರುವುದಿಲ್ಲ.

ನಮ್ಮ ಹುಳಿಮಣ್ಣಿನಲ್ಲಿ ನೀಲಿಯಾಗಿ ಅರಳುವ ಹೈಡ್ರೇಂಜಿಯಕ್ಕೆ ಬಾಯಾರಿಕೆ ಜಾಸ್ತಿ. ಎಳೆಯ ಗೊಂಚಲು ನಿಲ್ಲುವುದಿಲ್ಲ, ಮುಟ್ಟಿದರೆ ಗಟ್ಟಿಯಾಗಿ ಕಾಗದದಂತೆ ಇರುವುದನ್ನೇ ಕೊಯ್ಯಿರಿ. ಕತ್ತರಿಸಿದ ತುದಿಯನ್ನು ಪಟಿಕದ ಪುಡಿಯಲ್ಲಿ ಅದ್ದಿ ನೀರಿಗಿಡುತ್ತೇನೆ. ಆದರೂ ಜೋತುಬಿದ್ದರೆ ಗೊಂಚಲನ್ನೇ ತಲೆಕೆಳಗಾಗಿ ತಣ್ಣೀರಿನಲ್ಲಿ 30–45 ನಿಮಿಷ ಮುಳುಗಿಸಿ. ದಳದಂತೆ ಕಾಣುವುದು ಅದರ ಪುಷ್ಪಪತ್ರ, ಅದೇ ನೀರು ಹೀರುತ್ತದೆ. ಸಾಮಾನ್ಯವಾಗಿ ಮತ್ತೆ ಎದ್ದು ನಿಲ್ಲುತ್ತದೆ.

ಪಾಯಿನ್ಸೆಟಿಯ, ದೇವಕಣಗಿಲೆಯಂಥ ಹಾಲು ಸುರಿಸುವ ಕೊಂಬೆಗಳ ತುದಿಯನ್ನು ಕುದಿಯುವ ನೀರಿನಲ್ಲಿ 20 ಸೆಕೆಂಡು ಅದ್ದಿ ತೆಗೆಯಿರಿ. ಹಬೆ ಹೂವಿಗೆ ತಾಗದಂತೆ ಕೊಂಬೆಯನ್ನು ಓರೆಯಾಗಿ ಹಿಡಿಯಬೇಕು. ತುದಿ ಮತ್ತೆ ಕತ್ತರಿಸಿದಾಗಲೆಲ್ಲ ಮತ್ತೆ ಅದ್ದಬೇಕು. ಹಾಲು ಕಣ್ಣಿಗೆ ಬಿದ್ದರೆ ಉರಿ, ಕೈ ತೊಳೆದುಕೊಳ್ಳಿ.