ಎಚ್‌ಸಿಐ ಹೋಲಿಸುವುದಾದರೆ ಅದರ ಕೆಟ್ಟ ದಿನವನ್ನು ಹೋಲಿಸಿ

ಎಚ್‌ಸಿಐ ಅಂದರೆ ಹೈಪರ್‌ಕನ್ವರ್ಜ್ಡ್ ಇನ್‌ಫ್ರಾಸ್ಟ್ರಕ್ಚರ್: ಕೆಲವು ಸರ್ವರ್‌ಗಳನ್ನು (ನೋಡ್) ಒಂದು ಗುಂಪಾಗಿ (ಕ್ಲಸ್ಟರ್) ಜೋಡಿಸಿ, ಅವುಗಳ ಒಳಗಿನ ಡ್ರೈವ್‌ಗಳನ್ನೇ ಎಲ್ಲಕ್ಕೂ ಸೇರಿದ ಸ್ಟೋರೇಜ್ ಮಾಡುವ ವ್ಯವಸ್ಥೆ. ಡೇಟಾದ ಪ್ರತಿಗಳು ಬೇರೆ ಬೇರೆ ನೋಡ್‌ಗಳಲ್ಲಿರುತ್ತವೆ. ಮೊದಲ ಸಲ ಇಂಥ ಸಿಸ್ಟಂಗಳನ್ನು ಹೋಲಿಸಲು ಕೂತಾಗ ನಾನು ಅರವತ್ತು ಸಾಲಿನ ಎಕ್ಸೆಲ್ ಶೀಟ್ ಮಾಡಿದ್ದೆ. ಎಡಗಡೆ ಫೀಚರ್ ಹೆಸರು, ಬಲಗಡೆ ಮೂರು ವೆಂಡರ್‌ಗಳಿಗೆ ಮೂರು ಕಾಲಂ. ಸ್ನ್ಯಾಪ್‌ಶಾಟ್ ಉಂಟೋ? ಡಿಡೂಪ್ (ಒಂದೇ ಡೇಟಾವನ್ನು ಎರಡೆರಡು ಸಲ ಇಡದಿರುವುದು)? ಎನ್‌ಕ್ರಿಪ್ಷನ್? ಮೂವರಿಂದಲೂ ಒಂದೇ ಉತ್ತರ: ಉಂಟು, ಉಂಟು, ಉಂಟು. ಶೀಟ್ ತುಂಬ ಹಸಿರು ಬಣ್ಣ. ಕೊನೆಗೆ ಯಾರ ಡೆಮೊ ಚೆನ್ನಾಗಿತ್ತೋ ಅವರದ್ದನ್ನೇ ತೆಗೆದುಕೊಂಡೆವು.

ಎಂಟು ತಿಂಗಳ ಮೇಲೆ ಒಂದು ಶುಕ್ರವಾರ ಸಂಜೆ ನಾಲ್ಕು ನೋಡ್‌ಗಳಲ್ಲಿ ಒಂದರ ಮದರ್‌ಬೋರ್ಡ್ ಸುಟ್ಟಿತು. ಅದರಲ್ಲಿದ್ದ ವಿಎಂಗಳು (ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್‌ಗಳು) ಮಿಕ್ಕ ಮೂರರಲ್ಲಿ ತಾವಾಗಿಯೇ ಎದ್ದು ಕೂತವು. ನಾನು ಬೀಗಿದ್ದು ಸುಮಾರು ಒಂದು ಗಂಟೆ. ಕ್ಲಸ್ಟರ್ ಆಗಲೇ 81% ತುಂಬಿತ್ತು. ನಾಲ್ಕು ನೋಡ್‌ಗಳ 81% ಎಂದರೆ ಮೂರು ನೋಡ್‌ಗಳಲ್ಲಿ ಹಿಡಿಯದಷ್ಟು ಡೇಟಾ. ಕಳೆದುಹೋದ ಪ್ರತಿಗಳನ್ನು ಮತ್ತೆ ಕಟ್ಟಲು ಹೊರಟ ಸಾಫ್ಟ್‌ವೇರ್ ಜಾಗವೆಲ್ಲ ನುಂಗಿ ಕೊನೆಗೆ ಡೇಟಾ ಬರೆಯುವುದನ್ನೇ ನಿಲ್ಲಿಸಿತು. ಅರವತ್ತು ಸಾಲುಗಳಲ್ಲಿ ಒಂದೂ ಇದರ ಬಗ್ಗೆ ಕೇಳಿರಲಿಲ್ಲ.

ಆಮೇಲೆ ನಾನು ಹೋಲಿಕೆ ಮಾಡುವ ರೀತಿಯೇ ಬದಲಾಯಿತು. ಎಲ್ಲವೂ ಸರಿ ಇದ್ದಾಗ ಈ ಸಿಸ್ಟಂಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ನೋಡ್ ಬಿದ್ದಾಗ, ಒಂದು ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ, ಲೈಸೆನ್ಸ್ ನವೀಕರಣದ ಬಿಲ್ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಗಾಗಿ ಆ ದಿನಗಳನ್ನೇ ಮೊದಲು ಹೋಲಿಸಬೇಕು.

ಮೊದಲು ಜಾಗದ ಲೆಕ್ಕ

ವೆಂಡರ್ ಕೊಡುವ ಟಿಬಿ ಸಂಖ್ಯೆಯನ್ನು ಪಕ್ಕಕ್ಕಿಟ್ಟು ನಿಮ್ಮ ಕೈಯಾರೆ ಲೆಕ್ಕ ಹಾಕಿ. ನಾಲ್ಕು ನೋಡ್, ಪ್ರತಿಯೊಂದರಲ್ಲೂ 3.84 ಟಿಬಿಯ ಆರು ಡ್ರೈವ್ ಎಂದಿಟ್ಟುಕೊಳ್ಳಿ. ಒಟ್ಟು 92.16 ಟಿಬಿ. ಡ್ರೈವ್ ಕಂಪನಿಗಳು ಸಾವಿರದಿಂದ ಗುಣಿಸುತ್ತವೆ, ಸಾಫ್ಟ್‌ವೇರ್‌ಗಳು ಹೆಚ್ಚಾಗಿ 1024ರಿಂದ. ಆ ಕಣ್ಣಿಂದ ನೋಡಿದರೆ ಅದು ಸುಮಾರು 83.8 ಟೆಬಿಬೈಟ್. ಒಂದು ನೋಡ್ ಬಿದ್ದರೂ ಎಲ್ಲ ಪ್ರತಿಗಳನ್ನೂ ಮತ್ತೆ ಕಟ್ಟಿಕೊಳ್ಳಬೇಕಾದರೆ ಒಂದು ನೋಡ್‌ನಷ್ಟು ಜಾಗ ಖಾಲಿ ಬಿಡಬೇಕು. ಉಳಿಯಿತು 62.8. ಪ್ರತಿ ಬ್ಲಾಕ್‌ಗೂ ಎರಡು ಪ್ರತಿ ಎಂದರೆ 31.4. ಸ್ನ್ಯಾಪ್‌ಶಾಟ್‌ಗೂ ಉಸಿರಾಡಲಿಕ್ಕೂ ಒಂದು 15% ಬಿಟ್ಟರೆ ಕೈಗೆ ಸಿಗುವುದು 27ರ ಆಸುಪಾಸು. ತೊಂಬತ್ತೆರಡರಿಂದ ಇಪ್ಪತ್ತೇಳಕ್ಕೆ! ಇಲ್ಲಿಗೆ ಬಂದಾಗ ಮಾರಾಟದವರು ಕಂಪ್ರೆಷನ್, ಡಿಡೂಪ್ ಎನ್ನುತ್ತಾರೆ. ಅದು ನಿಮ್ಮ ಡೇಟಾ ಮೇಲೆ ನಿಂತ ಮಾತು. ವಿಡಿಯೊ, ಆಗಲೇ ಕಂಪ್ರೆಸ್ ಆದ ಬ್ಯಾಕಪ್, ಎನ್‌ಕ್ರಿಪ್ಟ್ ಆದ ಡೇಟಾಬೇಸ್ ಇಟ್ಟರೆ ಉಳಿತಾಯ ಹೆಚ್ಚೂಕಡಿಮೆ ಸೊನ್ನೆ. ಲೆಕ್ಕದಲ್ಲಿ ನಾನು ಅದನ್ನು ಒಂದಕ್ಕೆ ಒಂದು ಎಂದೇ ಹಿಡಿಯುತ್ತೇನೆ. ಹೆಚ್ಚು ಸಿಕ್ಕರೆ ಲಾಭ.

ಎರಡು ಪ್ರತಿಯೋ ಮೂರೋ ಎಂಬುದು ಬರೀ ಜಾಗದ ಪ್ರಶ್ನೆಯಲ್ಲ. ಡ್ರೈವ್ ಕೆಡುವುದು ಅಪರೂಪ, ಆದರೆ ನೋಡ್ ಪ್ಯಾಚ್ ಮಾಡುವುದು ವಾಡಿಕೆ. ಎರಡೇ ಪ್ರತಿ ಇದ್ದು, ಒಂದು ನೋಡ್ ಮೇಂಟೆನೆನ್ಸ್‌ನಲ್ಲಿರುವಾಗ ಇನ್ನೊಂದರಲ್ಲಿ ಡ್ರೈವ್ ಹೋದರೆ ಕೆಲವು ಬ್ಲಾಕ್‌ಗಳಿಗೆ ಆ ಗಳಿಗೆಯಲ್ಲಿ ಒಂದೂ ಪ್ರತಿ ಇರುವುದಿಲ್ಲ. ನೋಡ್ ಇಳಿಸುವ ಮೊದಲು ಡೇಟಾವನ್ನೆಲ್ಲ ಬೇರೆಡೆ ಸಾಗಿಸುವ ಆಯ್ಕೆ ಉಂಟೇ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ.

‘ಮೂರು ನೋಡ್ ಸಾಕು’ ಎಂಬ ಮಾತೂ ಎಲ್ಲರ ಬಾಯಲ್ಲಿ ಒಂದೇ ಅರ್ಥದ್ದಲ್ಲ. ನ್ಯೂಟಾನಿಕ್ಸ್‌ನಲ್ಲಿ ಮೂರು ಪ್ರತಿ ಬೇಕಾದರೆ ಕನಿಷ್ಠ ಐದು ನೋಡ್. ವಿಎಂವೇರ್‌ನ ವಿ-ಸ್ಯಾನ್‌ನಲ್ಲೂ ಮಿರರ್ ಮಾಡಿ (ಪೂರ್ತಿ ಪ್ರತಿಗಳನ್ನಿಟ್ಟು) ಎರಡು ವೈಫಲ್ಯ ತಾಳಿಕೊಳ್ಳಲು ಐದೇ. ಮೈಕ್ರೋಸಾಫ್ಟ್‌ನ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್, ಪ್ರಾಕ್ಸ್‌ಮಾಕ್ಸ್ ಜೊತೆ ಬರುವ ಸೆಫ್, ಇವೆರಡೂ ಮೂರು ನೋಡ್‌ಗಳಲ್ಲೇ ಮೂರು ಪ್ರತಿ ಇಡುತ್ತವೆ. ಆದರೆ ಒಂದು ನೋಡ್ ಬಿದ್ದರೆ ಮೂರನೇ ಪ್ರತಿಯನ್ನು ಕಟ್ಟಿಕೊಳ್ಳಲು ನಾಲ್ಕನೇ ಮನೆಯೇ ಇರುವುದಿಲ್ಲ. ರಿಪೇರಿ ಆಗುವ ತನಕ ಎರಡರಲ್ಲೇ ಕಾಲ ಹಾಕಬೇಕು. ಅದಕ್ಕೇ ನನ್ನ ಸಲಹೆ: ಸಿಸ್ಟಂ ಕೇಳುವ ಕನಿಷ್ಠಕ್ಕಿಂತ ಒಂದು ನೋಡ್ ಹೆಚ್ಚಿಗೆ ಇಟ್ಟು ಕೊಟೇಶನ್ ಕೇಳಿ, ಎಲ್ಲರಿಗೂ ಅದೇ ಷರತ್ತು ಹಾಕಿ.

ಎರಡು ನೋಡ್‌ನ ಕ್ಲಸ್ಟರ್ ಕೊಳ್ಳುವವರಿಗೆ ಒಂದೇ ಮಾತು. ಎರಡು ನೋಡ್‌ಗಳ ನಡುವೆ ಸಂಪರ್ಕ ಕಡಿದಾಗ ಯಾವುದು ಮುಂದುವರಿಯಬೇಕೆಂದು ತೀರ್ಮಾನಿಸಲು ನೆರವಾಗುವ ವಿಟ್ನೆಸ್ ಮೂರನೇ ಜಾಗದಲ್ಲಿರಲಿ. ಅದೇ ಕ್ಲಸ್ಟರ್ ಒಳಗೆ ವಿಟ್ನೆಸ್ ಇಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸ್ಟೋರೇಜ್ ಎಲ್ಲಿ ಕೂತಿದೆ, ಎಷ್ಟು ತಿನ್ನುತ್ತದೆ

ಸ್ಟೋರೇಜ್ ಸಾಫ್ಟ್‌ವೇರ್ ಕೂಡ ನಿಮ್ಮ ಸಿಪಿಯು, ಮೆಮೊರಿಗಳಲ್ಲೇ ಬದುಕುತ್ತದೆ. 2009ರಲ್ಲಿ ಶುರುವಾದ ನ್ಯೂಟಾನಿಕ್ಸ್ ಪ್ರತಿ ನೋಡ್‌ನಲ್ಲೂ ಸಿವಿಎಂ ಎಂಬ ಒಂದು ಕಂಟ್ರೋಲರ್ ವಿಎಂ ಓಡಿಸುತ್ತದೆ. ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ತಳದ ಸಾಫ್ಟ್‌ವೇರ್) ಬದಲಾದರೂ ಸ್ಟೋರೇಜ್ ಅದೇ ಇರುವುದು, ವಿಎಂ ಇರುವ ನೋಡ್‌ನಲ್ಲೇ ಅದರ ಡೇಟಾದ ಒಂದು ಪ್ರತಿ ಇಡುವುದು ಅದರ ಗುಣ. ಪ್ರತಿ ನೋಡ್‌ನಲ್ಲೂ ಹಲವು ಕೋರ್, ಹತ್ತಾರು ಜಿಬಿ ಮೆಮೊರಿ ಮೊದಲೇ ಕಾಯ್ದಿರಿಸಬೇಕಾಗುವುದು ಅದರ ಬೆಲೆ. 2014ರಲ್ಲಿ ಬಂದ ವಿ-ಸ್ಯಾನ್ ಹೈಪರ್‌ವೈಸರ್‌ನ ಕರ್ನಲ್ ಒಳಗೇ ಕೂತಿದೆ. ಪ್ರತ್ಯೇಕ ವಿಎಂ ಇಲ್ಲ, ಆದರೆ ಹೈಪರ್‌ವೈಸರ್ ಬದಲಿಸುವ ಮಾತೂ ಇಲ್ಲ. ಸೆಫ್ ಪ್ರತಿ ಡ್ರೈವ್‌ಗೂ ಒಂದು ಓಎಸ್‌ಡಿ ಪ್ರೋಸೆಸ್ ನಡೆಸುತ್ತದೆ, ಒಂದೊಂದರ ಮೆಮೊರಿ ಗುರಿ ಮೂಲ ಸೆಟ್ಟಿಂಗ್‌ನಲ್ಲಿ 4 ಜಿಬಿ. ಆರು ಡ್ರೈವ್‌ಗೆ 24 ಜಿಬಿ ಅಲ್ಲೇ ಆಯಿತು, ರಿಪೇರಿ ನಡೆಯುವಾಗ ಇನ್ನೂ ಹೆಚ್ಚು. ದೊಡ್ಡ ನೋಡ್‌ಗಳಲ್ಲಿ ಇದೆಲ್ಲ ನಗಣ್ಯ. ಸಣ್ಣ ಶಾಖೆಗೆ 128 ಜಿಬಿಯ ನೋಡ್ ಕೊಂಡಿರಾದರೆ ಮೂಗಿಗಿಂತ ಮೂಗುತಿ ಭಾರ. ಶೀಟ್‌ನಲ್ಲಿ ‘ವಿಎಂಗಳಿಗೆ ನಿಜವಾಗಿ ಉಳಿಯುವ ಮೆಮೊರಿ, ಒಂದು ನೋಡ್ ಬಿದ್ದ ಮೇಲೆ’ ಎಂದೊಂದು ಸಾಲು ಹಾಕಿ.

ನೆಟ್‌ವರ್ಕ್ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ ಆದರೂ. ಎಚ್‌ಸಿಐನಲ್ಲಿ ಸ್ವಿಚ್ ಎಂದರೆ ಅದೇ ನಿಮ್ಮ ಸ್ಟೋರೇಜ್ ಕೇಬಲ್. ಮೇಲಿನ ಲೆಕ್ಕದ ಒಂದು ನೋಡ್‌ನಲ್ಲಿ 16 ಟಿಬಿ ಡೇಟಾ ಇತ್ತೆನ್ನಿ. ಒಂದೇ 10 ಗಿಗಾಬಿಟ್ ಕೊಂಡಿಯಲ್ಲಿ, ಒಂದು ಬಿಟ್ಟೂ ಪೋಲಾಗದೆ ಹರಿದರೂ ಮೂರೂವರೆ ಗಂಟೆ ಬೇಕು. 25 ಗಿಗಾಬಿಟ್‌ನಲ್ಲಿ ಒಂದೂವರೆ ಗಂಟೆಗೂ ಕಡಿಮೆ. ಉಳಿದ ನೋಡ್‌ಗಳು ಕೆಲಸ ಹಂಚಿಕೊಳ್ಳುವುದರಿಂದ ಹೊತ್ತು ಇಳಿಯುತ್ತದೆ, ನಿಮ್ಮ ವಿಎಂಗಳೂ ಅದೇ ತಂತಿ ಬಳಸುವುದರಿಂದ ಏರುತ್ತದೆ. ಹೊಸದಾಗಿ ಕೊಳ್ಳುವವರು 25ಕ್ಕಿಂತ ಕೆಳಗೆ ಯೋಚಿಸುವುದು ಬೇಡ.

ಪಿಒಸಿ (ಕೊಳ್ಳುವ ಮುಂಚಿನ ಪ್ರಯೋಗ) ಮಾಡುವ ಬಗೆ

ಖಾಲಿ ಕ್ಲಸ್ಟರ್ ಮೇಲೆ ಹತ್ತು ನಿಮಿಷ ಬೆಂಚ್‌ಮಾರ್ಕ್ ಓಡಿಸಿದರೆ ಯಾವ ಸಿಸ್ಟಂ ಆದರೂ ರಾಕೆಟ್ಟೇ. ಒಮ್ಮೆ ನನಗೆ ಬಂದ ಸಂಖ್ಯೆ ಎಷ್ಟು ಚೆನ್ನಾಗಿತ್ತೆಂದರೆ ಅನುಮಾನ ಬಂತು. ನೋಡಿದರೆ ನಾನು ಓದುತ್ತಿದ್ದ ವರ್ಚುವಲ್ ಡಿಸ್ಕ್‌ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಬರೆಯದ ಬ್ಲಾಕ್ ಓದಿದರೆ ಸಾಫ್ಟ್‌ವೇರ್ ಡ್ರೈವ್ ತನಕ ಹೋಗುವುದೇ ಇಲ್ಲ, ಸೊನ್ನೆ ಕೊಟ್ಟು ಕಳಿಸುತ್ತದೆ. ಹಾಗಾಗಿ ಮೊದಲು ಡಿಸ್ಕ್‌ಗಳನ್ನು ಕಂಪ್ರೆಸ್ ಆಗದ ರ್‍ಯಾಂಡಮ್ ಡೇಟಾದಿಂದ ತುಂಬಿ. ಕ್ಲಸ್ಟರ್ 60-70% ತುಂಬುವ ತನಕ ಬಿಡಬೇಡಿ. ಆಮೇಲೆ ಕ್ಯಾಶ್‌ಗೆ ಹಿಡಿಸದಷ್ಟು ದೊಡ್ಡ ಭಾಗದ ಮೇಲೆ, 70% ಓದು 30% ಬರಹ, 8 ಕೆಬಿ ಬ್ಲಾಕ್, ನಾಲ್ಕಾರು ಗಂಟೆ ಎಫ್‌ಐಓ (ಡಿಸ್ಕ್ ವೇಗ ಅಳೆಯುವ ಸಾಧನ) ಓಡಿಸಿ. ವಿ-ಸ್ಯಾನ್‌ಗೆ ಎಚ್‌ಸಿಐಬೆಂಚ್, ಮೈಕ್ರೋಸಾಫ್ಟ್‌ನದ್ದಕ್ಕೆ ವಿಎಂಫ್ಲೀಟ್, ನ್ಯೂಟಾನಿಕ್ಸ್‌ನವರ ಎಕ್ಸ್-ರೇ ಇವೆ. ಆದರೆ ಹೋಲಿಕೆಗೆ ಎಲ್ಲ ಕಡೆ ಒಂದೇ ಸಾಧನ ಇರಬೇಕು, ಅದನ್ನು ನಡೆಸುವವರು ನೀವಾಗಿರಬೇಕು. ಐಓಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಸರಾಸರಿ ಬರೆದಿಟ್ಟುಕೊಳ್ಳಬೇಡಿ. ನೂರರಲ್ಲಿ ಅತಿ ನಿಧಾನದ ಒಂದು ಕೋರಿಕೆ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಎಂಬುದನ್ನು ಬರೆಯಿರಿ. ಡೇಟಾಬೇಸ್‌ನವರು ಫೋನ್ ಮಾಡಿ ಬೈಯುವುದು ಆ ಒಂದಕ್ಕೇ.

ಈ ಓಟ ನಡೆಯುತ್ತಿರುವಾಗಲೇ ಒಡೆಯಲು ಶುರು ಮಾಡಿ. ಒಂದು ಡ್ರೈವ್ ಎಳೆಯಿರಿ. ಆಮೇಲೆ ಒಂದು ನೋಡ್‌ನ ಪವರ್ ಕೇಬಲ್ ಎರಡನ್ನೂ ಕಿತ್ತುಬಿಡಿ. ಮೆನುವಿನಲ್ಲಿ ಶಟ್‌ಡೌನ್ ಒತ್ತಿದರೆ ಲೆಕ್ಕಕ್ಕಿಲ್ಲ. ಆಗ ಗಡಿಯಾರ ನೋಡಿ. ವಿ-ಸ್ಯಾನ್ ಮೂಲ ಸೆಟ್ಟಿಂಗ್‌ನಲ್ಲಿ ಕಾಣೆಯಾದ ನೋಡ್ ವಾಪಸ್ ಬಂದೀತೆಂದು 60 ನಿಮಿಷ ಕಾದು ಆಮೇಲೆ ರಿಪೇರಿಗೆ ಇಳಿಯುತ್ತದೆ. ಸೆಫ್ ಕಾಯುವುದು 10 ನಿಮಿಷ. ಎರಡಕ್ಕೂ ಕಾರಣವಿದೆ: ಬೇಗ ಶುರುಮಾಡಿದರೆ ಬರೀ ರೀಬೂಟ್‌ಗೂ ಟಿಬಿಗಟ್ಟಲೆ ಓಡಾಟ, ತಡಮಾಡಿದರೆ ಅಷ್ಟು ಹೊತ್ತು ಒಂಟಿ ಪ್ರತಿಯ ಮೇಲೆ ಬದುಕು. ಸೆಫ್ 85% ತುಂಬಿದಾಗ ಎಚ್ಚರಿಸುತ್ತದೆ, 95%ಗೆ ಬರಹ ನಿಲ್ಲಿಸುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಸಿಸ್ಟಂಗೂ ಈ ಎರಡು ಅಂಕಿ, ಆ ಕಾಯುವ ಹೊತ್ತು ಬರೆಸಿಕೊಳ್ಳಿ. ರಿಪೇರಿ ನಡೆಯುವಾಗ ಲೇಟೆನ್ಸಿ (ಒಂದು ಕೋರಿಕೆಗೆ ಹಿಡಿಯುವ ಹೊತ್ತು) ಎಷ್ಟು ಪಟ್ಟು ಏರಿತು ಎಂಬುದೇ ನನಗೆ ಇಡೀ ಪಿಒಸಿಯ ಅತಿ ಮುಖ್ಯ ಸಂಖ್ಯೆ.

ಪೂರ್ತಿ ಸತ್ತ ನೋಡ್‌ಗಿಂತ ಅರೆಜೀವದ ನೋಡ್ ಅಪಾಯಕಾರಿ. ಸತ್ತದ್ದನ್ನು ಕ್ಲಸ್ಟರ್ ಹೊರಗಟ್ಟುತ್ತದೆ. ಆಗಾಗ ಬಿಟ್ಟು ಬಿಟ್ಟು ಬರುವ ನೆಟ್‌ವರ್ಕ್ ಪೋರ್ಟ್ ಇದ್ದರೆ ಅದು ಎಲ್ಲರನ್ನೂ ತನ್ನ ಜೊತೆ ನಿಧಾನ ಮಾಡುತ್ತದೆ. ಸ್ವಿಚ್‌ನಲ್ಲಿ ಒಂದು ಪೋರ್ಟನ್ನು ಅರ್ಧ ನಿಮಿಷಕ್ಕೊಮ್ಮೆ ಆನ್ ಆಫ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದು ಬಿಡಿ. ವೆಂಡರ್ ಎಂಜಿನಿಯರ್ ಮುಖ ನೋಡುವಂತಿರುತ್ತದೆ.

ಕೊನೆಯ ಪರೀಕ್ಷೆ, ಇಡೀ ಕ್ಲಸ್ಟರ್‌ನ ಕರೆಂಟ್ ತೆಗೆದು ಮತ್ತೆ ಕೊಡುವುದು. ಡಿಎನ್‌ಎಸ್, ಡೊಮೇನ್ ಕಂಟ್ರೋಲರ್ (ಹೆಸರು ಹುಡುಕಲು, ಲಾಗಿನ್ ಆಗಲು ಬೇಕಾದ ಸರ್ವರ್‌ಗಳು), ಮ್ಯಾನೇಜ್‌ಮೆಂಟ್ ವಿಎಂ ಎಲ್ಲವೂ ಅದೇ ಕ್ಲಸ್ಟರ್ ಒಳಗಿದ್ದರೆ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ ಬೆಳಗಿನ ಜಾವ ಮೂರು ಗಂಟೆಗೆ ಎದುರಾಗುತ್ತದೆ. ಯಾರ ಸಹಾಯವೂ ಇಲ್ಲದೆ ನಿಮ್ಮ ತಂಡ ಅದನ್ನು ಎಬ್ಬಿಸಬಲ್ಲುದೇ ನೋಡಿ.

ಅಪ್‌ಗ್ರೇಡ್ ಕೂಡ ಕಣ್ಣೆದುರೇ ಆಗಲಿ. ಪಿಒಸಿಗೆ ಬೇಕೆಂದೇ ಹಿಂದಿನ ವರ್ಷನ್ ಹಾಕಿಸಿ, ಫರ್ಮ್‌ವೇರ್ ಸಮೇತ ಹೊಸದಕ್ಕೆ ಏರಿಸಲು ಹೇಳಿ. ಪ್ರತಿ ನೋಡ್‌ಗೆ ಎಷ್ಟು ಹೊತ್ತು, ಮಧ್ಯೆ ಎಷ್ಟು ಸಲ ಸಪೋರ್ಟ್‌ಗೆ ಕರೆ ಮಾಡಿದರು, ಎಣಿಸಿ.

ಲೈಸೆನ್ಸ್, ಮತ್ತೆ ಹೊರಬರುವ ದಾರಿ

ಇಲ್ಲಿ ನಾನು ಸ್ವಲ್ಪ ಕಠಿಣ. ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರ್ ಕೊಂಡ ಮೇಲೆ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ಎಲ್ಲವನ್ನೂ ಕೋರ್ ಲೆಕ್ಕದ ಚಂದಾ ಮಾಡಿತು. ಅದೇ ವರ್ಷ ಸಿಸ್ಕೊ ತನ್ನ ಹೈಪರ್‌ಫ್ಲೆಕ್ಸ್‌ಗೆ ಮಂಗಳ ಹಾಡಿ ನ್ಯೂಟಾನಿಕ್ಸ್ ಜೊತೆ ಕೈಜೋಡಿಸಿತು. 2024ರಲ್ಲಿ ಅಜೂರ್ ಸ್ಟ್ಯಾಕ್ ಎಚ್‌ಸಿಐ ಹೋಗಿ ಅಜೂರ್ ಲೋಕಲ್ ಆಯಿತು. ಐದು ವರ್ಷಕ್ಕೆ ಹಾರ್ಡ್‌ವೇರ್ ಕೊಳ್ಳುವ ನಾವು, ಆ ಐದು ವರ್ಷದಲ್ಲಿ ಮಾಲೀಕ, ಹೆಸರು, ಬೆಲೆ ಮೂರೂ ಬದಲಾಗಬಹುದೆಂದು ಹಿಡಿದೇ ಲೆಕ್ಕ ಹಾಕಬೇಕು. ಕೊಟೇಶನ್‌ನಲ್ಲಿ ಮೊದಲ ಅವಧಿಯ ಬೆಲೆ ಜೊತೆಗೆ ನವೀಕರಣದ ಬೆಲೆ ಮಿತಿಯನ್ನೂ ಬರೆಸಿ. ಚಂದಾ ಮುಗಿದ ದಿನ ಏನು ನಿಲ್ಲುತ್ತದೆ ಎಂದು ಬರವಣಿಗೆಯಲ್ಲೇ ಕೇಳಿ: ಸಪೋರ್ಟ್ ಮಾತ್ರವೋ, ಹೊಸ ವಿಎಂ ಮಾಡುವುದೂ ನಿಲ್ಲುತ್ತದೋ?

ಕೋರ್ ಲೆಕ್ಕದ ಲೈಸೆನ್ಸ್ ಇರುವ ಡೇಟಾಬೇಸ್ ನಿಮ್ಮಲ್ಲಿದ್ದರೆ ಇನ್ನೊಂದು ಬಲೆ ಇದೆ. ಜಾಗ ಸಾಲದೆ ನೋಡ್ ಸೇರಿಸಿದಾಗ ಕೋರ್‌ಗಳೂ ಸೇರುತ್ತವೆ. ಡಿಸ್ಕ್ ಕೊಳ್ಳಲು ಹೋಗಿ ಡೇಟಾಬೇಸ್ ಲೈಸೆನ್ಸ್ ಕೊಂಡಂತಾಗಬಹುದು. ಸ್ಟೋರೇಜ್‌ಗೆ ಮಾತ್ರ ಮೀಸಲಾದ ನೋಡ್ ಸೇರಿಸಲು ಆಗುತ್ತದೆಯೇ ನೋಡಿ. ಡೇಟಾ ಸಿಪಿಯುಗಿಂತ ಬಹಳ ಬೇಗ ಬೆಳೆಯುತ್ತಿದ್ದರೆ ಎಚ್‌ಸಿಐಯನ್ನೇ ಬಿಡಿ. ಸರ್ವರ್ ಬೇರೆ, ಸ್ಟೋರೇಜ್ ಅರೇ ಬೇರೆ ಇದ್ದ ಹಳೇ ಪದ್ಧತಿಗೇನೂ ನಾಚಬೇಕಾಗಿಲ್ಲ.

ಸಹಿ ಹಾಕುವ ಮುಂಚೆ ನಾನು ಈಗ ತಪ್ಪದೆ ಮಾಡಿಸುವ ಕೆಲಸ ಒಂದಿದೆ. ಪಿಒಸಿ ಕ್ಲಸ್ಟರ್‌ನಲ್ಲಿರುವ 2 ಟಿಬಿಯ ಒಂದು ವಿಎಂ ಆರಿಸಿ, ಅದನ್ನು ಹೊರತೆಗೆದು ಬೇರೊಂದು ಹೈಪರ್‌ವೈಸರ್‌ನಲ್ಲಿ ಬೂಟ್ ಮಾಡಿ ತೋರಿಸಿ ಎನ್ನುತ್ತೇನೆ. ಒಳಗೆ ತರುವ ಸಾಧನ ಎಲ್ಲರ ಬಳಿಯೂ ಇರುತ್ತದೆ. ಹೊರಗೆ ಕಳಿಸಲು ಹೇಳಿದಾಗ ಒಬ್ಬರು ಅರ್ಧ ದಿನದಲ್ಲಿ ಮುಗಿಸಿದರು. ಇನ್ನೊಬ್ಬರು ‘ಅದಕ್ಕೆ ಬೇರೆ ತಂಡವಿದೆ, ಕೇಳಿ ಹೇಳುತ್ತೇವೆ’ ಎಂದು ಹೋದವರು ಮರಳಿ ಬಂದದ್ದು ಮೂರು ವಾರದ ಮೇಲೆ, ಅದೂ ಇನ್ನಷ್ಟು ಡಿಸ್ಕೌಂಟ್ ಹಿಡಿದುಕೊಂಡು. ಶೀಟ್‌ನಲ್ಲಿ ಅವರ ಹೆಸರಿನ ಮುಂದೆ ‘21 ದಿನ’ ಎಂದು ಬರೆದೆ.